ಬೇಲಿಯೇ ಎದ್ದು ಹೊಲ ಮೇಯ್ದಾಗ

ಕಬಿನಿ ಅಣೆಕಟ್ಟಿನ ಮಗ್ಗುಲಲ್ಲಿರುವ ನಮ್ಮ ಬೀಚನಹಳ್ಳಿಯ ಕಡೆ ಬೇಲಿಯಿಲ್ಲದ ಹೊಲವೆಂದರೆ ಆನೆ, ಹಂದಿಗಳಿಗೆ ಬಡಿಸಿಟ್ಟ ಎಲೆಯೇ ಸರಿ. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆಯ ಕಟುತ್ವವನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಮನುಷ್ಯದೇಹದಲ್ಲಿ ಈ ಗಾದೆ ಅಕ್ಷರಶಃ ನಡೆಯುವುದುಂಟು. ರೋಗಾಣುಗಳನ್ನು ತಡೆಯಬೇಕಾದ ಬಿಳಿಯ ರಕ್ತಕಣಗಳು, ತನ್ನವರು ಯಾರು, ಹೊರಗಿನವರು ಯಾರು ಎಂಬ ವಿವೇಕ ತಪ್ಪಿ, ದೇಹದ ಕೀಲುಗಳನ್ನೋ ಚರ್ಮವನ್ನೋ ಕಾಡತೊಡಗುತ್ತವೆ. ಸಂಧಿವಾತದ ಒಂದು ಬಗೆ, ಸೋರಿಯಾಸಿಸ್ ಎಂಬ ಚರ್ಮವ್ಯಾಧಿ ಮೊದಲಾದುವು ಈ ಕುಲಕ್ಕೆ ಸೇರಿದವು.

ಚರ್ಮದ ಜೀವಕೋಶವು ಹುಟ್ಟಿ, ಮೇಲೇರಿ, ಉದುರುವುದಕ್ಕೆ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಆದಲ್ಲಿ ಕೆಲವೇ ದಿನಗಳು ಸಾಕು. ಕೆಂಪು ಕಲೆಗಳ ಮೇಲೆ ಬೆಳ್ಳನೆಯ ಹೊಟ್ಟು ಪದರಗಟ್ಟುತ್ತದೆ. ನಮ್ಮ ಬೀದಿಯ ರೈತರೊಬ್ಬರಿಗೆ ಈ ವ್ಯಾಧಿ. ಇದು ಮುಟ್ಟಿದರೆ ಅಂಟುವುದಲ್ಲ. ಆದರೂ ಅಂಗಡಿಯಲ್ಲಿ ಅವರ ಲೋಟವೇ ಬೇರೆ. ಮದುವೆಯ ಪಂಕ್ತಿಯಲ್ಲಿ ಅವರ ಪಕ್ಕದ ಎಲೆ ಖಾಲಿ. “ಮೇಷ್ಟ್ರೇ, ಅಂಟೋ ಕಾಯಿಲೆ ಅಲ್ಲ ಅಂತ ಡಾಕ್ಟ್ರು ಕಾಗ್ದದಲ್ಲಿ ಬರ್‌ಕೊಟ್ರೆ ಟೀ ಅಂಗ್ಡಿ ಗೋಡೆಗೆ ಅಂಟಿಸ್ಬೋದಿತ್ತು” ಎಂದು ಅವರು ನಗುತ್ತಲೇ ಅಂದದ್ದುಂಟು. ಹೊಸ ಮದ್ದೊಂದು ಬಂದಿದೆಯಂತೆ, ನಿಜವೇ ಎಂದು ಕೇಳಿದವರೂ ಅವರೇ.

ನಿಜ. ಅದರ ಬೇರು 1975ರಲ್ಲಿದೆ. ಆ ವರ್ಷ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು, ಪ್ರತಿಕಾಯ ತಯಾರಿಸುವ ಇಲಿಯ ಜೀವಕೋಶವನ್ನು ಸಾವರಿಯದ ಕ್ಯಾನ್ಸರ್ ಕೋಶದೊಡನೆ ಬೆಸೆದರು. ಹುಟ್ಟಿದ ಸಂಕರಕೋಶವು ಒಂದೇ ಗುರಿಯನ್ನು ಹಿಡಿಯುವ ಪ್ರತಿಕಾಯವನ್ನು ಎಡೆಬಿಡದೆ ಕೊಡತೊಡಗಿತು. 1984ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು. ಆದರೆ ಇಲಿಯ ಪ್ರತಿಕಾಯವನ್ನು ಮನುಷ್ಯದೇಹ ಪರಕೀಯವೆಂದು ತಿರಸ್ಕರಿಸುತ್ತದೆ. ಆದುದರಿಂದ ಗುರಿ ಹಿಡಿಯುವ ತುದಿಯಷ್ಟನ್ನೇ ಉಳಿಸಿಕೊಂಡು, ಮಾವಿಗೆ ಕಸಿ ಕಟ್ಟುವಂತೆ, ಅದನ್ನು ಮಾನವ ಪ್ರತಿಕಾಯದ ಮೈಗೆ ಕೂಡಿಸುವ ವಿದ್ಯೆ ಬೆಳೆಯಿತು.

ಈ ವಿದ್ಯೆ ನಮ್ಮ ನಾಡಿಗೆ ಬಂದ ದಾರಿ ಸ್ವಾರಸ್ಯಕರವಾದುದು. ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಷಾ ಅವರು 1978ರಲ್ಲಿ ಸ್ಥಾಪಿಸಿದ ಬಯೋಕಾನ್ ಮೊದಲು ಪರಂಗಿಕಾಯಿಯ ಹಾಲಿನಿಂದ ಕಿಣ್ವ ತೆಗೆಯುತ್ತಿದ್ದ ಸಂಸ್ಥೆ. ಪ್ರತಿಕಾಯದ ಕೆಲಸಕ್ಕೆ ಅದಕ್ಕೆ ಜೊತೆಯಾದುದು ಧನಿಕ ರಾಷ್ಟ್ರದ ಕಂಪನಿಯಲ್ಲ, ಕ್ಯೂಬಾ ದೇಶದ ಹವಾನಾ ನಗರದ ಸಂಶೋಧನ ಕೇಂದ್ರ! ಹೀಗೆ ಸಿದ್ಧವಾದ ಇಟೊಲಿಜುಮ್ಯಾಬ್ 2013ರಲ್ಲಿ ಆಲ್ಜುಮ್ಯಾಬ್ ಎಂಬ ಹೆಸರಿನಿಂದ, ಸೋರಿಯಾಸಿಸ್ ರೋಗಿಗಳಿಗಾಗಿ ಭಾರತದ ಮಾರುಕಟ್ಟೆಗೆ ಬಂದಿತು. ಇದು ಟಿ-ಕೋಶಗಳ ಮೈಮೇಲಿನ ಸಿಡಿ-6 ಎಂಬ ಹಿಡಿಕೆಗೆ ಅಂಟಿಕೊಳ್ಳುತ್ತದೆ. ಕೋಶವನ್ನು ಕೊಲ್ಲುವುದಿಲ್ಲ, ಅದರ ಉದ್ರೇಕವನ್ನು ತಗ್ಗಿಸುತ್ತದೆ. ಕಾವಲುಗಾರನನ್ನು ಹೊಡೆದುರುಳಿಸದೆ ಅವನ ಕೈಯ ದೊಣ್ಣೆಯನ್ನಷ್ಟೇ ಹಿಡಿದಂತೆ.

ಇಂಥ ಪ್ರತಿಕಾಯಗಳು ವ್ಯಾಧಿಯನ್ನು ಹತೋಟಿಯಲ್ಲಿಡುತ್ತವೆಯೇ ಹೊರತು ಬೇರುಸಹಿತ ಕೀಳುವುದಿಲ್ಲ; ನಿಲ್ಲಿಸಿದರೆ ಅದು ಮರಳಬಹುದು. ಕೊಡುವ ಮುನ್ನ ಮೈಯಲ್ಲಿ ಕ್ಷಯ ಅಡಗಿದೆಯೇ ಎಂದು ನೋಡಬೇಕು. ಬೆಲೆಯೋ ಸಾವಿರಗಳ ಲೆಕ್ಕ. ಎರಡೆಕರೆ ರಾಗಿ ಬೆಳೆಯುವವರಿಗೆ ಎಟುಕುವಂಥದಲ್ಲ. ಅವರ ಪಾಲಿಗೆ ಈಗಲೂ ಗತಿ, ಮುಲಾಮು ಮತ್ತು ದಶಕಗಳಷ್ಟು ಹಳೆಯದಾದ, ಅಗ್ಗದ ಮೆಥೊಟ್ರೆಕ್ಸೇಟ್ ಗುಳಿಗೆ. ಅದನ್ನು ನುಂಗುವುದು ವಾರಕ್ಕೊಮ್ಮೆ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ನಡುನಡುವೆ ರಕ್ತಪರೀಕ್ಷೆಯೂ ಆಗಬೇಕು. ಅದಕ್ಕೆ ಮೈಸೂರಿನ ಬಸ್ಸು ಹತ್ತಬೇಕು.