ಹಸಿ ಮೂಲಂಗಿ ಮತ್ತು ಮದ್ದಿಗೆ ಬಗ್ಗದ ರೋಗಾಣು

ಹೊಲದಲ್ಲಿ ಮೂಲಂಗಿ ಕಿತ್ತು, ಲಂಗಕ್ಕೋ ಚಡ್ಡಿಗೋ ಒರೆಸಿ ಹಾಗೇ ಕಚ್ಚಿ ತಿನ್ನೋದು ನಮಗೆಲ್ಲ ಅಭ್ಯಾಸ. ಮಣ್ಣು ಹೋದರೆ ಸಾಕು ಅಂತ ನಮ್ಮ ಲೆಕ್ಕ. ಆದರೆ ಕಣ್ಣಿಗೆ ಕಾಣದ ರೋಗಾಣು ಅಲ್ಲೇ ಇರಬಹುದು. ಅದರ ಬಗ್ಗೆ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಅಥವಾ ಬೆಳೆಯದಂತೆ ತಡೆಯುವ ಔಷಧಿಗೆ ಆಂಟಿಬಯೋಟಿಕ್ ಎನ್ನುತ್ತಾರೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದರು. ಔಷಧಿಯನ್ನು ಸಾಲದಷ್ಟು ತೆಗೆದುಕೊಂಡರೆ ರೋಗಾಣು ಸಾಯದೆ ಅದನ್ನೇ ತಡೆದುಕೊಳ್ಳುವುದನ್ನು ಕಲಿಯುತ್ತದೆ ಎಂದು 1945ರ ನೊಬೆಲ್ ಭಾಷಣದಲ್ಲೇ ಅವರು ಎಚ್ಚರಿಸಿದ್ದರು.

ಅದು ಕಲಿಯೋದು ಹೇಗೆ? ಅಸಂಖ್ಯಾತ ರೋಗಾಣುಗಳ ನಡುವೆ ಒಂದೆರಡು ಗಟ್ಟಿಪಿಂಡಗಳು ಇರುತ್ತವೆ. ಮದ್ದಿಗೆ ಉಳಿದವು ಸಾಯುತ್ತವೆ, ಇವು ಬದುಕಿ ಬೆಳೆಯುತ್ತವೆ. ಅನುಕೂಲ ಸಿಕ್ಕರೆ ಕೆಲವು ಜಾತಿಯವು 20 ನಿಮಿಷಕ್ಕೆ ಒಂದು ಎರಡಾಗುತ್ತವೆ. ಲೆಕ್ಕ ಹಾಕಿ ನೋಡಿ, 7 ಗಂಟೆಯಲ್ಲಿ ಒಂದೇ ರೋಗಾಣು 20 ಲಕ್ಷ ದಾಟುತ್ತದೆ! ಇನ್ನೊಂದು ಸೋಜಿಗವೆಂದರೆ, ಪರೀಕ್ಷೆಯಲ್ಲಿ ಚೀಟಿ ದಾಟಿಸಿದ ಹಾಗೆ ಇವು ತಮ್ಮ ಗುಟ್ಟನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ.

ಮನುಷ್ಯರು, ದನಗಳು, ಕೋಳಿಗಳು ಆಂಟಿಬಯೋಟಿಕ್ ತಿಂದಾಗ ಹೊಟ್ಟೆಯೊಳಗೆ ಇಂಥ ರೋಗಾಣು ಹುಟ್ಟಬಹುದು. ಅವು ಮಲ, ಸಗಣಿ, ಕೋಳಿ ಗೊಬ್ಬರದಲ್ಲಿ ಹೊರಬರುತ್ತವೆ. ಕೊಳೆಯದ ಹಸಿ ಗೊಬ್ಬರ ಹಾಕಿದರೆ, ಚರಂಡಿ ನೀರು ಹಾಯಿಸಿದರೆ ಮೂಲಂಗಿ, ಕ್ಯಾರೆಟ್, ಕೊತ್ತಂಬರಿ ಸೊಪ್ಪಿಗೆ ಅಂಟುತ್ತವೆ.

ಇದು ಬರೀ ಮಾತಲ್ಲ. 2011ರಲ್ಲಿ ಜರ್ಮನಿಯಲ್ಲಿ ಸುಮಾರು 3,800 ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ಮೊದಲು ಸ್ಪೇನ್ ದೇಶದ ಸೌತೆಕಾಯಿ ಮೇಲೆ ತಪ್ಪು ಹೊರಿಸಿದರು. ಕೊನೆಗೆ ಗೊತ್ತಾದದ್ದು, ಅದು ಹಸಿಯಾಗಿ ತಿಂದ ಮೊಳಕೆ ಕಾಳಿನಿಂದ ಬಂದದ್ದು. ನಾವು ಒಗ್ಗರಣೆಗೆ ಹಾಕುವ ಮೆಂತ್ಯದ ಮೊಳಕೆ! ಆ ಇ. ಕೋಲಿ ರೋಗಾಣುವಿನ ವಿಷದಿಂದ ಎಷ್ಟೋ ಜನರ ಮೂತ್ರಪಿಂಡ ಕೆಟ್ಟಿತು. ಪೆನಿಸಿಲಿನ್ ಜಾತಿಯ ಹಲವು ಔಷಧಿಗಳು ಅದಕ್ಕೆ ನಾಟುತ್ತಿರಲಿಲ್ಲ.

ಹಾಗಾದರೆ ತರಕಾರಿ ತಿನ್ನೋದು ಬಿಡಬೇಕಾ? ಖಂಡಿತ ಬೇಡ. ಮಾತ್ರೆಗೆ ಬಗ್ಗದ ರೋಗಾಣುವೂ ಬೆಂಕಿಗೆ ಬಗ್ಗುತ್ತದೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ನಾವು ಇಷ್ಟು ಮಾಡೋಣ:

1. ಕೋಸಂಬರಿಯ ಸೌತೆಕಾಯಿ, ಕ್ಯಾರೆಟ್‌ಗಳನ್ನು ಒಳ್ಳೆಯ ನೀರು ಸುರಿದು ಉಜ್ಜಿ ತೊಳೆದು, ಸಿಪ್ಪೆ ತೆಗೆಯೋಣ. ಕೈಯನ್ನೂ ತೊಳೆಯೋಣ. ತೊಳೆದರೆ ರೋಗಾಣು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.
2. ಮೊಳಕೆ ಕಾಳನ್ನು, ಅದರಲ್ಲೂ ಪುಟ್ಟ ಮಕ್ಕಳಿಗೆ, ಅಜ್ಜ ಅಜ್ಜಿಗೆ, ಬಸುರಿಯರಿಗೆ, ಬೇಯಿಸಿಯೇ ಕೊಡೋಣ.
3. ತಿಪ್ಪೆ ಗೊಬ್ಬರ ಚೆನ್ನಾಗಿ ಕೊಳೆತ ಮೇಲೆ ಹಾಕಿ ಅಂತ ಮನೆಯಲ್ಲಿ ಹೇಳೋಣ.
4. ಕೆಂಪು ಗೆರೆ ಇರುವ ಮಾತ್ರೆಯನ್ನು ಡಾಕ್ಟರು ಬರೆದುಕೊಡದೆ ತರಬಾರದು. ಪಕ್ಕದ ಮನೆಯಲ್ಲಿ ಉಳಿದ ಮಾತ್ರೆ ನುಂಗಬಾರದು. ನೆಗಡಿ ಬರೋದು ವೈರಸ್‌ನಿಂದ, ಅದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡೋದೇ ಇಲ್ಲ.

ಇವತ್ತು ಸುಮ್ಮಸುಮ್ಮನೆ ನುಂಗಿದ ಮಾತ್ರೆ, ನಾಳೆ ನಮ್ಮ ತಂಗಿಗೋ ತಮ್ಮನಿಗೋ ನಿಜವಾಗಿ ಬೇಕಾದಾಗ ಕೆಲಸಕ್ಕೆ ಬಾರದೆ ಹೋಗಬಹುದು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ ಹಿರಿಯರು. ನಿಜವೇ. ಆದರೆ ಕೈಯ ಕೆಸರು ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳೋಣ.