ಶಾಸನಕ್ಕೆ ಬಣ್ಣ ಯಾಕೆ ಬೇಡ: ಕಲ್ಯಾಣ ಸೀಮೆಯ ಊರೊಂದರಲ್ಲಿ ಹೇಳಲು ಕಲಿತದ್ದು

ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ ಒಂದು ಹಳ್ಳಿ. ಹೆಸರು ಬೇಡ, ಯಾಕೆ ಅಂತ ಮುಂದೆ ನಿಮಗೇ ತಿಳಿಯುತ್ತದೆ. ಅಲ್ಲಿನ ಹನುಮಪ್ಪನ ಗುಡಿಯ ಮುಂದೆ ಕಲ್ಯಾಣ ಚಾಲುಕ್ಯರ ಕಾಲದ ಒಂದು ದಾನಶಾಸನ ನಿಂತಿದೆ. ನಾನು ಮೊದಲ ಸಲ ಹೋದಾಗ ಅದಕ್ಕೊಂದು ಎಮ್ಮೆ ಕಟ್ಟಿದ್ದರು. ಊರವರನ್ನು ಕಟ್ಟೆಯ ಮೇಲೆ ಸೇರಿಸಿ, ಲ್ಯಾಪ್‌ಟಾಪ್ ತೆರೆದು, ಮುಕ್ಕಾಲು ಗಂಟೆ ಭಾಷಣ ಬಿಗಿದೆ. ಒಂಬೈನೂರು ವರ್ಷದ ಕಲ್ಲು, ಅಮೂಲ್ಯ, ಊರಿನ ಹೆಮ್ಮೆ, ಕಾಪಾಡಿಕೊಳ್ಳಿ ಅಂತೆಲ್ಲ ಹೇಳಿದೆ.

ವರ್ಷದ ಮೇಲೆ ಮತ್ತೆ ಹೋದೆ. ಎಮ್ಮೆ ಇರಲಿಲ್ಲ. ಕಲ್ಲಿನ ಬುಡಕ್ಕೆ ಸಿಮೆಂಟ್ ಕಟ್ಟೆ, ಮೈತುಂಬ ಹಸಿರು ಆಯಿಲ್ ಪೇಂಟ್, ಅಕ್ಷರಗಳ ಒಳಗೆ ಹಳದಿ. ಕುಂಚ ಹಿಡಿದ ಹುಡುಗನಿಗೆ ಹಳಗನ್ನಡ ಲಿಪಿ ಬರುತ್ತಿರಲಿಲ್ಲ. ತೋಚಿದಂತೆ ಗೆರೆ ಸೇರಿಸಿದ್ದ. ನಾನು ಮಾತು ಬಾರದೆ ನಿಂತಿದ್ದನ್ನು ನೋಡಿ ಮುತ್ಯಾ ಒಬ್ಬರು ಖುಷಿಯಿಂದಲೇ ಹೇಳಿದರು: "ನೀವೇ ಹೇಳಿದ್ರಲ್ರಿ ಸರ, ಭಾಳ ಕಿಮ್ಮತ್ತಿನ ಕಲ್ಲು ಅಂತ. ಎಲ್ಲಾರೂ ಪಟ್ಟಿ ಹಾಕಿ ಬಣ್ಣ ಹಚ್ಚಿಸೀವಿ ನೋಡ್ರಿ."

ಅಂದರೆ ಆ ಪೇಂಟ್ ಹಚ್ಚಿಸಿದವನು ನಾನೇ. ಕಲ್ಲಿನ ಬೆಲೆ ಹೇಳಿದ್ದೆ, ಅದರ ಆರೈಕೆ ಹೇಗೆ ಅಂತ ಹೇಳಿರಲಿಲ್ಲ. ನಮ್ಮ ಕಡೆ ಬೆಲೆಯುಳ್ಳ ಕಲ್ಲಿಗೆ ಮರ್ಯಾದೆ ಮಾಡುವುದೆಂದರೆ ಎಣ್ಣೆ, ಕುಂಕುಮ, ಬಣ್ಣ. ಅವರು ತಮ್ಮ ಮರ್ಯಾದೆ ತಾವು ಮಾಡಿದ್ದರು. ಎಮ್ಮೆ ನೂರು ವರ್ಷ ನಿಂತಿದ್ದರೂ ಇಷ್ಟು ಹಾನಿ ಆಗುತ್ತಿರಲಿಲ್ಲವೇನೋ!

ಹಾನಿ ಏನು ಅಂತ ನನಗೂ ಮೊದಲು ಸರಿಯಾಗಿ ವಿವರಿಸಲು ಬರುತ್ತಿರಲಿಲ್ಲ. "ರಾಸಾಯನಿಕಗಳಿಂದ ಶಿಲೆಗೆ ಧಕ್ಕೆ" ಅಂದರೆ ಯಾರಿಗೆ ಅರ್ಥವಾಗುತ್ತದೆ? ನಮ್ಮ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ದಖನ್ನಿನಲ್ಲಿ ಹರಿದ ಲಾವಾ, ಅಂದರೆ ಬಸಾಲ್ಟ್. ಕಬ್ಬಿಣದಷ್ಟು ಗಟ್ಟಿ ಅಂತ ಕಂಡರೂ ಅದರಲ್ಲಿ ಸಣ್ಣ ರಂಧ್ರಗಳಿವೆ, ಕೂದಲೆಳೆಯ ಬಿರುಕುಗಳಿವೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆದಂತೆ ಮಣ್ಣಲ್ಲಿ ಹೂತ ಕಲ್ಲು ನೆಲದ ತೇವವನ್ನು ಮೇಲಕ್ಕೆಳೆಯುತ್ತದೆ. ಆ ನೀರಿನಲ್ಲಿ ಕರಗಿದ ಉಪ್ಪು ಇರುತ್ತದೆ. ಮೈ ತೆರೆದಿದ್ದರೆ ನೀರು ಆವಿಯಾಗಿ ಉಪ್ಪು ಹೆಚ್ಚಾಗಿ ಹೊರಮೈ ಮೇಲೇ ಉಳಿಯುತ್ತದೆ. ಪೇಂಟ್ ಬಳಿದರೆ ದಾರಿ ಮುಚ್ಚಿತು. ಆಗ ಉಪ್ಪು ಪದರದ ಹಿಂದೆ, ಕಲ್ಲಿನ ಒಳಗೇ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಸುತ್ತಲಿನ ಕಣಗಳನ್ನು ತಳ್ಳುತ್ತದೆ. ಒಂದು ದಿನ ಬಣ್ಣದ ಚಕ್ಕೆ ಎದ್ದಾಗ ಅದರ ಬೆನ್ನಿಗೆ ಅಕ್ಷರದ ಅಂಚೂ ಅಂಟಿಕೊಂಡು ಬರುತ್ತದೆ.

ಸಿಮೆಂಟ್ ಕಟ್ಟೆ ಇದಕ್ಕಿಂತ ಕೆಟ್ಟದ್ದು. ಬುಡದಲ್ಲೇ ಹೊರಗೆ ಹೋಗಬೇಕಿದ್ದ ತೇವವನ್ನು ತಡೆದು ಇನ್ನೂ ಮೇಲಕ್ಕೆ, ಅಂದರೆ ಬರಹದ ಮಟ್ಟಕ್ಕೆ ಏರಿಸುತ್ತದೆ, ಜೊತೆಗೆ ಕರಗುವ ಸಲ್ಫೇಟುಗಳನ್ನು ತಾನೇ ಸೇರಿಸುತ್ತದೆ. ಇದನ್ನು ಊರಲ್ಲಿ ಹೇಳಲು ಸಿದ್ಧ ಉದಾಹರಣೆ ಇದೆ: ಮನೆ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಎದ್ದು ಗಿಲಾವು ಉದುರುವುದು. ಅದನ್ನು ನೋಡದ ಮನೆ ಇಲ್ಲ. "ನಿಮ್ಮ ಗೋಡೆಗೆ ಆಗೋದೇ ಕಲ್ಲಿಗೂ ಆಗ್ತದ" ಅಂದರೆ ಮುಗಿಯಿತು, ಮುಂದೆ ಅವರೇ ವಿವರಿಸುತ್ತಾರೆ.

ಬಣ್ಣದ ವಿದ್ಯೆ ಕಲ್ಯಾಣಕ್ಕೆ ಹೊಸತಲ್ಲ ಬಿಡಿ. ಇಲ್ಲಿಂದಲೇ ಆಳಿದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಎಮ್ಮೆಯ ಚರ್ಮ ಕುದಿಸಿ ವಜ್ರಲೇಪ ಮಾಡುವ ಕ್ರಮವೇ ಇದೆ. ಆದರೆ ಅದು ಚಿತ್ರ ಬರೆಯುವ ಗೋಡೆಗೆ.

ಎರಡನೆಯ ಸಭೆಗೆ ಲ್ಯಾಪ್‌ಟಾಪ್ ಒಯ್ಯಲಿಲ್ಲ. ಒಂದು ಫೋಟೊ ದೊಡ್ಡದಾಗಿ ಮುದ್ರಿಸಿಕೊಂಡು ಹೋದೆ: ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ದೇವಾಲಯದ ಶಾಸನ ಬರೆಯುವ ಶಿಲಾಬಾಲಿಕೆ. ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುವ ಚಿಕ್ಕ ಸಂಸ್ಕೃತ ಪದ್ಯವನ್ನು ಆಕೆ ಹಲಗೆಯ ಮೇಲೆ ಬರೆಯುತ್ತಿದ್ದಾಳೆ. ಈ ಪುಟದ ಓದುಗರಿಗೆ ಆಕೆ ಹೊಸಬಳಲ್ಲ. ಆದರೆ ಊರಲ್ಲಿ "ಇಕಿ ನಮ್ಮ ಜಲಸಂಗಿ ಗುಡ್ಯಾಗಿನಾಕಿ ಅಲ್ರಿ?" ಎಂಬ ಮಾತು ಬಂದಾಗ ನನ್ನ ಅರ್ಧ ಕೆಲಸ ಮುಗಿದಿತ್ತು. ಶಾಸನ ಎಂದರೆ ದೇವರಲ್ಲ, ನಿಧಿಯ ಗುರುತೂ ಅಲ್ಲ, ಯಾರೋ ಯಾರಿಗೋ ಬರೆದದ್ದು ಎನ್ನುವುದು ಆ ಒಂದು ಚಿತ್ರದಿಂದ ಗೊತ್ತಾಗುತ್ತದೆ. ನಿಧಿಯ ಆಸೆಗೆ ಎಷ್ಟು ಕಲ್ಲುಗಳನ್ನು ಕಿತ್ತು ಒಡೆದಿದ್ದಾರೆ ಅಂತ ನಿಮಗೇ ಗೊತ್ತು.

ಕತ್ತಲಾದ ಮೇಲೆ ಟಾರ್ಚ್ ತೆಗೆದೆ. ಬೆಳಕನ್ನು ಎದುರಿನಿಂದ ಬಿಟ್ಟರೆ ಏನೂ ಕಾಣುವುದಿಲ್ಲ, ಪಕ್ಕದಿಂದ ಓರೆಯಾಗಿ ಬಿಡಬೇಕು. ಲೆಕ್ಕ ಸರಳ: 2 ಮಿಲಿಮೀಟರ್ ಆಳದ ಅಂಚು, 45 ಡಿಗ್ರಿಯ ಬೆಳಕಿನಲ್ಲಿ 2 ಮಿಲಿಮೀಟರ್ ನೆರಳು ಕೊಡುತ್ತದೆ. ಬೆಳಕನ್ನು 10 ಡಿಗ್ರಿಗೆ ಇಳಿಸಿದರೆ ಅದೇ ಅಂಚಿನ ನೆರಳು ಸುಮಾರು 11 ಮಿಲಿಮೀಟರ್ ಚಾಚಬಲ್ಲದು. ಹಾಗಾಗಿ ಸವೆದ ಗೆರೆಯೂ ನೆರಳಿನಿಂದ ತುಂಬಿ ಎದ್ದು ಕಾಣುತ್ತದೆ. ಅಕ್ಷರಕ್ಕೆ ಸುಣ್ಣ, ಮೈದಾಹಿಟ್ಟು, ಸೀಮೆಸುಣ್ಣ ಯಾವುದೂ ಬೇಕಿಲ್ಲ. ಹಿಟ್ಟು ಬೂಷ್ಟಿಗೂ ಇರುವೆಗೂ ಊಟ. ಸೀಮೆಸುಣ್ಣದಲ್ಲಿ ತುಂಬಿದರೆ ಕಾಣುವುದು ತುಂಬಿದವನ ಊಹೆ, ಕಲ್ಲಿನ ಅಕ್ಷರವಲ್ಲ. ಪಡಿಯಚ್ಚು ತೆಗೆಯುವುದನ್ನೂ ನಾನು ಈಗ ಕಡಿಮೆ ಮಾಡಿದ್ದೇನೆ. ಒದ್ದೆ ಕಾಗದವನ್ನು ಬ್ರಷ್‌ನಿಂದ ಬಡಿದು ಮಸಿ ಒತ್ತುವ ಆ ಕೆಲಸ ಗಟ್ಟಿ ಕಲ್ಲಿಗೆ ಸರಿ, ಸಿಪ್ಪೆ ಏಳುತ್ತಿರುವ ಕಲ್ಲಿಗೆ ಅಲ್ಲ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು 2021ರಿಂದ ಶಾಸನಗಳನ್ನು ಮುಟ್ಟದೆಯೇ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ನಮ್ಮ ಸೀಮೆಗೆ ಅಂಥದ್ದು ಬರುವವರೆಗೆ ಟಾರ್ಚು, ಮೊಬೈಲು.

ಹಸಿರು ಬಣ್ಣದ ಮೇಲೂ ಓರೆ ಬೆಳಕು ಕೆಲಸ ಮಾಡಿತು, ಪೂರ್ತಿ ಅಲ್ಲದಿದ್ದರೂ. ಮೇಲ್ಭಾಗದ ಸೂರ್ಯ, ಚಂದ್ರ, ಲಿಂಗ, ಹಸು-ಕರು ತೋರಿಸಿ ಕೇಳಿದೆ: ಓದು ಬಾರದವರಿಗೆ ಇದು ಏನು ಹೇಳುತ್ತದೆ? ಹುಡುಗಿಯೊಬ್ಬಳು "ಸೂರ್ಯ ಚಂದ್ರ ಇರೋತನಕ" ಅಂದಳು. ಸರಿ. ಕೆಳಗಿನ ಶಾಪದ ಭಾಗವನ್ನೂ ಬಿಡಿಸಿ ಹೇಳಿದೆ: ಈ ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗುತ್ತಾನೆ. ಎಲ್ಲರೂ ನಕ್ಕರು. ಸಾರ್ವಜನಿಕರಿಗೆ ವಿಷಯ ಮುಟ್ಟಿಸುವ ಕಲೆ ಶಾಸನ ಬರೆಸಿದವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಚಿತ್ರ ಮೇಲೆ, ಲೆಕ್ಕ ನಡುವೆ, ಹೆದರಿಕೆ ಕೊನೆಗೆ. ಇಸವಿ ತೆಗೆಯುವುದನ್ನು ಮಕ್ಕಳೇ ಮಾಡಿದರು. ಚಾಲುಕ್ಯ ವಿಕ್ರಮ ವರ್ಷಕ್ಕೆ 1075 ಕೂಡಿಸಿದರೆ ಸಾಕು. ಆರನೆಯ ವಿಕ್ರಮಾದಿತ್ಯ ತನ್ನ ಶಕೆ ಶುರುಮಾಡಿದ್ದು 1076ರಲ್ಲಿ. 25ನೆಯ ವರ್ಷ ಅಂದರೆ 1100-01.

ನಡುವಿನ ಸಾಲುಗಳಲ್ಲಿ ಇಷ್ಟು ಮತ್ತರು ಭೂಮಿ, ನಂದಾದೀವಿಗೆಗೆ ಗಾಣದ ಎಣ್ಣೆ ಅಂತ ದಾನದ ವಿವರ ಇದೆ. ಓದಿ ಹೇಳಿದಾಗ ಹಿಂದೆ ಕೂತಿದ್ದ ಆಯಿಯೊಬ್ಬರು, ಪ್ರತಿ ಶನಿವಾರ ಆ ಕಲ್ಲಿಗೆ ಎಣ್ಣೆ ಹಾಕುವವರೇ, ಎದ್ದು ಕೇಳಿದರು: "ಎಣ್ಣಿ ದೀಪಕ್ಕ ಅಂತ ಬರ್ಸ್ಯಾರೇನಪಾ? ಕಲ್ಲಿಗೆ ಅಲ್ಲ?" ಅಲ್ಲ ಆಯಿ, ದೀಪಕ್ಕೇ. ಉಪ್ಪು, ಹರಳು, ಸಲ್ಫೇಟು ಅಂತ ನಾನು ಹೇಳಿದ್ದಕ್ಕೆ ತಲೆಯಾಡಿಸಿದವರು ಈ ಒಂದು ಸಾಲಿಗೆ ಒಪ್ಪಿದರು. ಈಗ ಕಲ್ಲಿನ ಪಕ್ಕ ಹಣತೆ ಇಡುತ್ತಾರೆ, ಒಂದು ಮೊಳ ದೂರದಲ್ಲಿ.

ಹೆಬ್ಬಾಳದಲ್ಲೂ ಇಂಥದ್ದೇ ಆಗಿದೆ ಅನ್ನಿಸುತ್ತದೆ. ಸುಮಾರು 750ರ ಕಿತ್ತಯ್ಯನ ವೀರಗಲ್ಲಿಗೆ ಜನ ಮುಂದೆ ಬಂದು ಮಂಟಪ ಕಟ್ಟಿದರು. ಆ ಕಲ್ಲಿನಲ್ಲೇ ತಮ್ಮ ಊರಿನ ಹಳೆಯ ಹೆಸರು ಪೆರ್ಬೊಳಲು ಅಂತ ಇರುವುದೂ ಅದಕ್ಕೆ ಕಾರಣವಾಗಿರಬೇಕು.

ಪೇಂಟ್ ತೆಗೆದೆವಾ? ಇಲ್ಲ. ನನ್ನೊಳಗಿನ ಇಂಜಿನಿಯರು ಪೇಂಟ್ ರಿಮೂವರ್, ತಂತಿ ಬ್ರಷ್ ಅಂತ ಚಡಪಡಿಸಿದ್ದು ನಿಜ. ತಂತಿ ಬ್ರಷ್ ಬಣ್ಣದ ಜೊತೆ ಅಕ್ಷರದ ಅಂಚನ್ನೂ ಕೆರೆಯುತ್ತದೆ. ಆಸಿಡ್ಡಂತೂ ಕಲ್ಲಿನ ಖನಿಜವನ್ನೇ ತಿಂದು ಹೊಸ ಉಪ್ಪನ್ನು ಒಳಗೆ ಬಿಡುತ್ತದೆ. ಅದು ಸಂರಕ್ಷಣಾ ರಸಾಯನಜ್ಞರ ಕೆಲಸ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ವಿಜ್ಞಾನ ಶಾಖೆ ಹುಟ್ಟಿದ್ದೇ ಅದಕ್ಕಾಗಿ, 1917ರಲ್ಲಿ. ಅರ್ಜಿಗೆ ಊರವರೇ ಸಹಿ ಹಾಕಿದ್ದಾರೆ. ನಾವು ಮಾಡಿದ್ದು ಇಷ್ಟೇ: ಗೌಂಡಿಯನ್ನು ಕರೆಸಿ, ಕಲ್ಲಿಗೆ ಪೆಟ್ಟು ತಾಗದಂತೆ ಸಿಮೆಂಟ್ ಕಟ್ಟೆಯನ್ನು ಸಣ್ಣ ಉಳಿಯಿಂದ ಬಿಡಿಸಿ, ಬುಡಕ್ಕೆ ದಪ್ಪ ಜಲ್ಲಿ ತುಂಬಿದೆವು. ಆರು ತಿಂಗಳಿಗೊಮ್ಮೆ ಅದೇ ಜಾಗದಿಂದ, ಅದೇ ಕೋನದ ಬೆಳಕಿನಲ್ಲಿ ಫೋಟೊ ತೆಗೆಯುತ್ತೇವೆ. ಎಡ ಅಂಚಿನಲ್ಲಿ ಬಣ್ಣ ಏಳತೊಡಗಿದೆ, ಎರಡು ಅಕ್ಷರದ ಅಂಚು ಅದರ ಜೊತೆ ಹೋಗಿದೆ.

ಟಾರ್ಚ್ ಹಿಡಿಯುವವನು ಬಣ್ಣ ಹಚ್ಚಿದ ಅದೇ ಹುಡುಗ. ಹೋದ ಸಲ ಒಂಬತ್ತನೆಯ ಸಾಲಿನ ಹತ್ತಿರ ಬೆಳಕು ನಿಲ್ಲಿಸಿ, "ಸರ, ಇದು ವ ಇತ್ತು. ನಾನೇ ಬಾಲ ಎಳೆದು ಮ ಮಾಡೀನಿ" ಅಂದ. ನೋಟ್‌ಬುಕ್ಕಿನಲ್ಲಿ ನನ್ನ ಓದನ್ನು ತಿದ್ದಿಕೊಂಡೆ.