ಮೆಜೆಸ್ಟಿಕ್ ಮೆಟ್ರೋ ರಶ್: ಇನ್ನಷ್ಟು ರೈಲು ಬಿಟ್ರೆ ಆಗಲ್ವಾ? ಲೆಕ್ಕ ಇಲ್ಲಿದೆ ನೋಡಿ

ಮರಿಯಮ್ಮನಹಳ್ಳಿ: ನಮ್ಮೂರಿಂದ ರಾತ್ರಿ ಬಸ್ ಹತ್ತಿದವರು ಬೆಳಗಾಗುವಷ್ಟರಲ್ಲಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇರ್ತಾರೆ. ಹಬ್ಬ ಮುಗಿಸಿ ವಾಪಸ್ ಹೋಗುವ ಹುಡುಗರು, ವೈಟ್‌ಫೀಲ್ಡ್ ಕಡೆ ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಕಂಪನಿ ಕೆಲಸ ಮಾಡುವವರು ಅಲ್ಲಿಂದ ನೇರಳೆ ಮಾರ್ಗದ ಮೆಟ್ರೋ ಹಿಡಿಯಬೇಕು. ಬಸ್ ಲೇಟಾಗಿ ಒಂಬತ್ತಕ್ಕೆ ಇಳಿದ್ರೋ, ಕಥೆ ಮುಗೀತು. ಬ್ಯಾಗ್ ಹಿಡ್ಕೊಂಡು ನಿಂತವರ ಮುಂದೆ ಒಂದು ರೈಲು ಹೋಗುತ್ತೆ, ಎರಡು ಹೋಗುತ್ತೆ, ಕಾಲಿಡೋಕೂ ಜಾಗ ಇರಲ್ಲ. ಡ್ಯೂಟಿಗೆ ಲೇಟಾದ್ರೆ ಅರ್ಧ ದಿನದ ಸಂಬಳ ಕಟ್.

ಇನ್ನೂ ನಾಲ್ಕು ರೈಲು ಬಿಡೋಕೆ ಏನು ಕಷ್ಟ ಅಂತ ಎಲ್ಲರೂ ಬೈತಾರೆ. ನಾನೂ ಬೈದಿದ್ದೀನಿ. ಆದರೆ ಲೆಕ್ಕ ಹಾಕಿ ನೋಡಿದ್ರೆ ವಿಷಯ ಬೇರೆ ಇದೆ.

2011ರ ಅಕ್ಟೋಬರ್ 20ರಂದು ಮೆಟ್ರೋ ಶುರುವಾದಾಗ ಇದ್ದದ್ದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್‌ವರೆಗೆ ಮಾತ್ರ, ರೈಲಿಗೆ ಮೂರೇ ಬೋಗಿ. 2018ರ ಜೂನ್‌ನಲ್ಲಿ ಮೊದಲ ಆರು ಬೋಗಿ ರೈಲು ಬಂತು. ಒಂದು ರೈಲಿಗೆ ಹಿಡಿಯೋದು ಸುಮಾರು 2,000 ಜನ, ಅದರಲ್ಲಿ ನಿಂತವರೇ ಜಾಸ್ತಿ. ದೆಹಲಿ ಥರ ಎಂಟು ಬೋಗಿ ಹಾಕ್ಲಿ ಅಂತೀರಾ? ಇಲ್ಲಿ ಪ್ಲಾಟ್‌ಫಾರ್ಮ್ ಕಟ್ಟಿರೋದೇ ಆರು ಬೋಗಿಗೆ. ಮೆಜೆಸ್ಟಿಕ್ ನಿಲ್ದಾಣ ಇರೋದು ನೆಲದಡಿಯಲ್ಲಿ, ಅಗೆದು ಉದ್ದ ಮಾಡೋದು ಸುಮ್ನೆ ಮಾತಲ್ಲ.

ಹಾಗಾಗಿ ಉಳಿದ ದಾರಿ ರೈಲು ಬೇಗ ಬೇಗ ಬಿಡೋದು. 5 ನಿಮಿಷಕ್ಕೊಂದು ಅಂದ್ರೆ ಗಂಟೆಗೆ 12 ರೈಲು, 24,000 ಜನ. 3 ನಿಮಿಷಕ್ಕೊಂದು ಬಿಟ್ರೆ 20 ರೈಲು, 40,000 ಜನ. ಕೇಳೋಕೆ ಸುಲಭ. ಆದರೆ 2023ರ ಅಕ್ಟೋಬರ್ 9ರಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43.49 ಕಿ.ಮೀ., 37 ನಿಲ್ದಾಣ ಆಯ್ತು. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೂಕಾಲು ಗಂಟೆ ದಾಟುತ್ತೆ. ಹೋಗಿ ತಿರುಗಿಸಿಕೊಂಡು ಬರೋಕೆ ಎರಡೂವರೆ ಗಂಟೆ ಮೇಲೇ ಬೇಕು. ಇಡೀ ಲೈನಿಗೆ 3 ನಿಮಿಷಕ್ಕೊಂದು ರೈಲು ಕೊಡೋಕೆ 50ಕ್ಕೂ ಹೆಚ್ಚು ರೈಲು ಓಡ್ತಾ ಇರಬೇಕು. ಲೈನ್ ಪೂರ್ತಿ ಆದಾಗ ನೇರಳೆ, ಹಸಿರು ಎರಡಕ್ಕೂ ಸೇರಿ ಇದ್ದದ್ದೇ 57!

ಹೊಸ ರೈಲು ಯಾಕೆ ಬರಲಿಲ್ಲ ಅಂದ್ರೆ, ಚೀನಾದ ಸಿಆರ್‌ಆರ್‌ಸಿ ಕಂಪನಿಗೆ 2019ರಲ್ಲೇ 216 ಬೋಗಿಗೆ ಆರ್ಡರ್ ಆಗಿತ್ತು. ಅದು ವರ್ಷಗಟ್ಟಲೆ ಎಳೆದು, ಕೊನೆಗೆ ಕೋಲ್ಕತ್ತಾ ಹತ್ತಿರದ ಟಿಟಾಗಢ ಕಂಪನಿ ಜೊತೆ ಸೇರಿ ಇಲ್ಲೇ ತಯಾರಿಸೋದು ಅಂತಾಯ್ತು. ಅದರಲ್ಲಿ 126 ಬೋಗಿ, ಅಂದ್ರೆ 21 ರೈಲು, ನೇರಳೆ ಮತ್ತು ಹಸಿರು ಮಾರ್ಗಕ್ಕೆ. ರೈಲಿಲ್ಲದೆ ಲೈನ್ ತೆರೆದರೆ ಏನಾಗುತ್ತೆ ಅನ್ನೋದಕ್ಕೆ ಹಳದಿ ಮಾರ್ಗ ನೋಡಿ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗ ಮೂರೇ ರೈಲು, 25 ನಿಮಿಷಕ್ಕೊಂದು. ಮಾರನೇ ದಿನ ಇಡೀ ಮೆಟ್ರೋದಲ್ಲಿ ಓಡಾಡಿದವರು 10.48 ಲಕ್ಷ ಜನ.

ಇರೋ ರೈಲಲ್ಲೇ ಮಾಡಿದ ಒಂದು ಉಪಾಯ ಮಾತ್ರ ನನಗೆ ಹಿಡಿಸಿತು. ಚಲ್ಲಘಟ್ಟದಿಂದ ಬರುವ ರೈಲು ಮೆಜೆಸ್ಟಿಕ್ ತಲುಪುವಷ್ಟರಲ್ಲಿ ತುಂಬಿರುತ್ತೆ. ಅದಕ್ಕೆ 2024ರಲ್ಲಿ ಬೆಳಗಿನ ರಶ್ ಟೈಮಿಗೆ ಮೆಜೆಸ್ಟಿಕ್‌ನಿಂದಲೇ ಖಾಲಿ ರೈಲು ಶುರು ಮಾಡಿ ಗರುಡಾಚಾರ್‌ಪಾಳ್ಯದವರೆಗೆ ಬಿಟ್ರು. ಲೈನ್ ಪೂರ್ತಿ ಸುತ್ತೋದು ಬೇಡ, ಎಲ್ಲಿ ಜನ ಜಾಸ್ತಿಯೋ ಅಲ್ಲಷ್ಟೇ ಓಡಿ ಬೇಗ ವಾಪಸ್ ಬರುತ್ತೆ. ಇಂದಿರಾನಗರ, ಕೆ.ಆರ್. ಪುರದಲ್ಲಿ ಇಳಿಯೋರು ಇಂಥ ರೈಲಿಗೆ ಕಾಯೋದು ಒಳ್ಳೇದು. ವೈಟ್‌ಫೀಲ್ಡ್ ಪೂರ್ತಿ ಹೋಗೋರು ಬೋರ್ಡ್ ನೋಡಿ ಹತ್ತಿ, ಇಲ್ಲಾಂದ್ರೆ ಗರುಡಾಚಾರ್‌ಪಾಳ್ಯದಲ್ಲಿ ಇಳಿದು ಮತ್ತೆ ಕಾಯಬೇಕು. ಹೆಣ್ಣುಮಕ್ಕಳಿಗೆ ಮೊದಲ ಬೋಗಿ ಮೀಸಲು.

2025ರ ಫೆಬ್ರವರಿಯಲ್ಲಿ ದರ ಏರಿಸಿ ಗರಿಷ್ಠ 90 ರೂಪಾಯಿ ಮಾಡಿದಾಗ, ಬೆಳಗ್ಗೆ 8ರೊಳಗೆ, ಮಧ್ಯಾಹ್ನ 12ರಿಂದ 4, ರಾತ್ರಿ 9ರ ನಂತರ ಸ್ಮಾರ್ಟ್ ಕಾರ್ಡ್‌ನಲ್ಲಿ ಹೋದರೆ 10% ರಿಯಾಯಿತಿ ಕೊಟ್ಟರು. ಜನರನ್ನು ಬೇರೆ ಟೈಮಿಗೆ ಹಂಚೋ ಲೆಕ್ಕ ಇದು. ಆದರೆ ಒಂಬತ್ತಕ್ಕೇ ಪಂಚ್ ಮಾಡಬೇಕಾದವನಿಗೆ ಐದಾರು ರೂಪಾಯಿ ಉಳಿತಾಯದಿಂದ ಏನೂ ಬದಲಾಗಲ್ಲ ಅನ್ನೋದು ನನ್ನ ಅನಿಸಿಕೆ.

ಇದನ್ನೆಲ್ಲ ಬರೆಯುವಾಗ ನನಗೆ ನೆನಪಾಗಿದ್ದು ನಮ್ಮ ಬಸ್ ಸ್ಟ್ಯಾಂಡೇ. ಡಿಗ್ರಿ ಓದೋಕೆ ಹೊಸಪೇಟೆಗೆ ಹೋಗ್ತಿದ್ದಾಗ (ಎರಡನೇ ವರ್ಷಕ್ಕೆ ಬಿಟ್ಟೆ, ಆ ಮಾತು ಬೇರೆ) ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆಯಿಂದ ಬರುವ ಬಸ್ ಇಲ್ಲಿಗೆ ಬರುವಾಗಲೇ ಫುಲ್. ಕಂಡಕ್ಟರ್ ಕೈಯಾಡಿಸಿ ಮುಂದೆ ಹೋಗ್ತಿದ್ದ, ನಾವು ಮೊದಲ ಪೀರಿಯಡ್ ಮಿಸ್. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹತ್ತೋರು ಇನ್ನೂ ಜಾಸ್ತಿ. ಹೊಸ ಬಸ್ ಡಜನ್‌ಗಟ್ಟಲೆ ಯಾರೂ ಕೇಳ್ತಿಲ್ಲ. ಬೆಳಗ್ಗೆ ಎಂಟರಿಂದ ಒಂಬತ್ತರ ಮಧ್ಯೆ ಮರಿಯಮ್ಮನಹಳ್ಳಿಯಿಂದಲೇ ಖಾಲಿಯಾಗಿ ಹೊರಟು ಹೊಸಪೇಟೆಗೆ ಹೋಗಿ ತಿರುಗಿ ಬರುವ ಎರಡು ಟ್ರಿಪ್ ಸಾಕು. ಕಾಲೇಜು ಹುಡುಗ ಹುಡುಗಿಯರು ಸೇರಿ ಡಿಪೋಗೆ ಅರ್ಜಿ ಕೊಡೋದಾದ್ರೆ ಬಸ್ ಹೆಚ್ಚಿಸಿ ಅಂತಷ್ಟೇ ಬರೆಯಬೇಡಿ. ಯಾವ ಟೈಮಿಗೆ, ಯಾವ ಸ್ಟಾಪಿನಲ್ಲಿ, ಎಷ್ಟು ಜನ ಉಳಿದುಹೋಗ್ತಾರೆ ಅಂತ ಒಂದು ವಾರ ಎಣಿಸಿ ಬರೆಯಿರಿ.